ಪಡಸಾಲೆಯ ಕ್ಯೂಬಾ

ಹೊಸ ಮನೆಯ ಯಜಮಾನರು ಕ್ಯೂಬಾದ ಕಲೆ ಮಾರುವ ಜಾಲತಾಣದಲ್ಲಿ ಬೆಲೆಯನ್ನಷ್ಟೇ ನೋಡಿ ಒಂದು ಮುಖದ ಚಿತ್ರ ಕೊಂಡರು. ಆ ಸುದ್ದಿ ಮುಟ್ಟದ ಮನೆ ಮೂರು ಲೋಕದಲ್ಲೂ ಉಳಿಯಲಿಲ್ಲ. ತಮ್ಮದು ಕಲಾವಿದರ ವಂಶವೆಂದು ಮೆರೆಯುವ ಬೀಗರ ಬಾಯಿ ಮುಚ್ಚಿಸಲೇಬೇಕಿತ್ತು. ಗೃಹಪ್ರವೇಶದ ದಿನ ಅವರನ್ನು ಪಡಸಾಲೆಯ ಗೋಡೆಯೆದುರು ತಂದು ನಿಲ್ಲಿಸಿದರು.

"ಆ ಕಣ್ಣ ನೋಡ್ರಿ ಬೀಗ್ರ! ಆ ನಾಲಗಿ ನೋಡ್ರಿ! ಇಂಥಾದ್ದು ನಮ್ಮ ದೇಶದಾಗ ಹುಟ್ಟೂದ ಇಲ್ಲ."

ಬೀಗರು ಸಾಷ್ಟಾಂಗ ಬೀಳುವುದೊಂದು ಬಾಕಿ. ಅಷ್ಟರಲ್ಲಿ ಜಾಲತಾಣದವರು ಮಾತು ಕೊಟ್ಟಂತೆ ಚಿತ್ರಕಾರನನ್ನೇ ವಿಡಿಯೋ ಕರೆಗೆ ತಂದರು. ಯಜಮಾನರು ಫೋನನ್ನು ಗೋಡೆಗೆ ಹಿಡಿದರು. ಆತ ಏನೋ ಅಂದ. ಜಾಲತಾಣದ ಹುಡುಗಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು, ಬೀಗರು ಕನ್ನಡಕ್ಕಿಳಿಸಿದರು.

"ಇದು ಅವರದಲ್ಲಂತ್ರಿ. ಅವರದೆಲ್ಲಿ ಅಂತ ಕೇಳಾಕತ್ತಾರ."

ಯಜಮಾನರ ಮುಖ ಗೋಡೆಯ ಮುಖವನ್ನೂ ಮೀರಿಸಿತು. "ಯವ್ವಾ! ಅವತ್ತ ಪಾರ್ಸಲ್ ಬಿಚ್ಚಿದವರು ಯಾರು?"

"ನಾನ," ಎಂದಳು ತಾಯಿ ಅಡುಗೆಮನೆಯಿಂದ. "ಮನೀಗೆ ದೃಷ್ಟಿ ಆಗಬಾರದಂತ ಸಂತ್ಯಾಗ ಕೊಂಡಿದ್ದ ಪಟಾನೂ ಅಲ್ಲೇ ಇತ್ತಲ್ಲೋ. ಎರಡರಾಗ ಯಾವುದು ಭಾಳ ಹೆದರಿಕಿ ಬರೂಹಂಗಿತ್ತೋ ಅದನ್ನ ಹೊರಗ ಹಳೇ ಚಪ್ಪಲಿ ಜೋಡಿ ಕಟ್ಟೇನಿ."