ಹಾಯಿಕಂಬದ ಬುಡದಲ್ಲಿ

"ಸ್ವಲ್ಪ ಕೂದಲು ಬೇಕಿತ್ತು, ತಾಯಿ."

ದೋಣಿ ಬಡಗಿ ಅರಗಾಕಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೀಗೆ ಕೇಳಿದಾಗ ಹಾಗಲಕಾಯಿ ಹೆಚ್ಚುತ್ತಿದ್ದ ಮಿತ್ಸುಯೊಳ ಕೈ ಅಲ್ಲಿಗೇ ನಿಂತಿತು.

"ಯಾರ ಕೂದಲು ಅಜ್ಜ?"

"ನಿಮ್ದೇ. ಇವತ್ತು ಹೊಸ ಹಾಯಿಕಂಬ ನಿಲ್ಲಿಸ್ತೀವಲ್ಲ, ಅದರ ಬುಡದಲ್ಲಿ ದೋಣಿ ಕಾಯೋ ದೇವಿ, ದೋಣಿತಾಯಿಗೆ ಅಂತ ಇಡಬೇಕು. ಇಸ್ಕೊಂಡು ಬಾ ಅಂತ ಯಜಮಾನ್ರೇ ಕಳಿಸಿದ್ರು."

ಯಜಮಾನರು ಅಂದರೆ ಅವಳ ಗಂಡ ಸೇತೊಕು. ವಯಸ್ಸೆಲ್ಲ ಇಶಿಗಾಕಿ ದ್ವೀಪದ ಲಾಂಚು ಓಡಿಸಿ ನಿವೃತ್ತನಾದ ಮೇಲೆ ಒಂದು ಹಳೆಯ ಹಾಯಿದೋಣಿ ಕೊಂಡು ಅದರ ರಿಪೇರಿಯಲ್ಲೇ ಮುಳುಗಿದ್ದ. "ಇನ್ನು ನೀನು, ನಾನು, ದೋಣಿ. ಮನಸ್ಸು ಬಂದ ದ್ವೀಪದಲ್ಲಿ ಲಂಗರು, ಹಸಿವಾದಾಗ ಊಟ" ಎಂದಿದ್ದ. ಆ ಮಾತು ನಂಬಿ ಮಿತ್ಸುಯೊ ತಾನು ನಡೆಸುತ್ತಿದ್ದ ತಂಗುಮನೆಯನ್ನು ಸೊಸೆಗೆ ಒಪ್ಪಿಸಿದ್ದಳು, ದೋಣಿಗೆ ಬಿಸಿಲಿನ ಚಪ್ಪರವನ್ನೂ ಹೊಲಿದುಕೊಟ್ಟಿದ್ದಳು. ಆದರೆ ಮೀನುಗಾರರ ಮನೆಯಲ್ಲಿ ಹುಟ್ಟಿದವಳಿಗೆ ಕೂದಲಿನ ವಿಷಯ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಪ್ಪನ ದೋಣಿಗೆ ಕೂದಲು ಕೊಟ್ಟವಳು ಅಮ್ಮ. ಕೊಟ್ಟವಳು ದಡದಲ್ಲಿದ್ದು ಕಾಯಬೇಕು, ಆಗಲೇ ಹೋದವನು ತಿರುಗಿ ಬರುತ್ತಾನೆ ಎಂಬುದು ಅವರ ಕೇರಿಯ ನಂಬಿಕೆ. ಅಮ್ಮ ಸಾಯುವ ತನಕ ಆ ದೋಣಿಯ ಮೇಲೆ ಕಾಲಿಟ್ಟಿರಲಿಲ್ಲ.

"ನಡೀರಿ, ನಾನೇ ಬಂದು ಕೊಡ್ತೀನಿ" ಎಂದು ಮಿತ್ಸುಯೊ ಸೊಂಟಕ್ಕೆ ಕಟ್ಟಿಕೊಂಡಿದ್ದ ಅಡುಗೆಬಟ್ಟೆಯನ್ನು ಬಿಚ್ಚಿ ಎಸೆದಳು.

ಬಂದರಿನಲ್ಲಿ ಹಾಯಿಕಂಬ ಕ್ರೇನಿನಿಂದ ತೂಗುತ್ತಿತ್ತು. ಸೇತೊಕು ದೋಣಿಯ ಒಳಗೋಣೆಯಲ್ಲಿ ಮೊಣಕಾಲೂರಿ, ಕಂಬ ಕೂರುವ ಗುಳಿಯನ್ನು ಒರೆಸುತ್ತಿದ್ದ. ಹೆಂಡತಿ ಬಡಗಿಯ ಹಿಂದೆಯೇ ಇಳಿದು ಬಂದದ್ದನ್ನು ಕಂಡು ಅವನ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ಅವಳು ಸುತ್ತಲೂ ಕಣ್ಣಾಡಿಸಿದಳು.

"ರೀ, ನಾನು ತಂದಿಟ್ಟಿದ್ದ ಪಾತ್ರೆ ಬುಟ್ಟಿ ಎಲ್ಲಿ?"

"ಭಾರ ಜಾಸ್ತಿ ಆಯ್ತು ಕಣೇ. ದಡದ ಶೆಡ್ಡಲ್ಲಿಟ್ಟಿದ್ದೀನಿ."

"ಈ ಸಾರಾಯಿ ಪೆಟ್ಟಿಗೆಗಳು ಹಗುರವೋ?"

"ಅದು... ತಳದಲ್ಲಿ ತೂಕ ಇರಬೇಕು. ಆಗಲೇ ದೋಣಿ ನೆಟ್ಟಗಿರೋದು."

"ನೀವು ಕುಡೀತಾ ಹೋದ ಹಾಗೆ ವಾಲುತ್ತೆ ಅನ್ನಿ."

ಬಡಗಿ ನಗು ನುಂಗಲು ಕೆಮ್ಮಿದ. ಮಿತ್ಸುಯೊ ತನ್ನದೆಂದುಕೊಂಡಿದ್ದ ಹಾಸಿಗೆಯ ಕಡೆ ತಿರುಗಿದಳು. ಅದರ ಮೇಲೆ ಮೀನಿನ ಗಾಳಗಳು, ಪಕ್ಕದಲ್ಲೊಂದು ಚೀಲ.

"ಅದೆಲ್ಲ ಕಾಬಿರಾದು" ಎಂದ ಸೇತೊಕು, ಕೇಳುವ ಮೊದಲೇ. ಕಾಬಿರಾ ಅವನ ಲಾಂಚಿನ ಕಾಲದ ಗೆಳೆಯ. "ಮನೇಲಿ ಇಡೋಕೆ ಜಾಗ ಇಲ್ಲ ಅಂದ, ಪಾಪ."

ಮಿತ್ಸುಯೊ ಚೀಲಕ್ಕೆ ಕೈಹಾಕಿ, ದೊಡ್ಡದೊಂದು ಚಡ್ಡಿಯನ್ನು ಎರಡೇ ಬೆರಳಲ್ಲಿ ಮೇಲೆತ್ತಿ ಹಿಡಿದಳು. "ಪಾಪ, ಚಡ್ಡಿ ಇಡೋಕೂ ಜಾಗ ಇಲ್ವಾ?"

"ನೀನು ಎಲ್ಲಕ್ಕೂ ಅನುಮಾನ ಪಟ್ಟರೆ ಹೇಗೆ? ಬೇಗ ಕೂದಲು ಕೊಡು, ಮೇಲೆ ಕ್ರೇನಿನವನು ಕಾಯ್ತಿದ್ದಾನೆ."

"ಕೊಡ್ತೀನಿ. ಕೊಟ್ಟಮೇಲೆ ನಾನೂ ಬರಬಹುದು ತಾನೆ?"

ಸೇತೊಕು ಆಗಲೇ ಒರೆಸಿ ಮುಗಿಸಿದ್ದ ಗುಳಿಯನ್ನು ಮತ್ತೆ ಒರೆಸತೊಡಗಿದ. "ಮೊದಲ ಸಲ ಅಲ್ವಾ... ಹತೆರುಮಾ ದ್ವೀಪದ ಕಡೆ ಸಮುದ್ರ ಒರಟು. ಮುಂದಿನ ಸಲ ನೋಡೋಣ. ಅದೂ ಅಲ್ಲದೆ, ತಂಗುಮನೇಲಿ ಸೊಸೆಗೂ ಒಬ್ಬರು ಜೊತೆ ಬೇಕಲ್ಲ."

ಮಿತ್ಸುಯೊ ಚಡ್ಡಿಯನ್ನು ಹಾಸಿಗೆಯ ಮೇಲೆ ಬಿಟ್ಟಳು. ದಾರಿಯುದ್ದಕ್ಕೂ ತನ್ನ ಅನುಮಾನ ಸುಳ್ಳಾಗಲಿ ಎಂದೇ ಬೇಡಿಕೊಂಡು ಬಂದಿದ್ದಳು. ಅತಿಥಿಗಳ ಹಾಸಿಗೆ ಮಡಿಸಿ, ತಟ್ಟೆ ತೊಳೆದು, ಸಂಜೆಯ ಲಾಂಚು ಬಂತೇ ಎಂದು ಕಿಟಕಿಯಿಂದ ಇಣುಕಿಯೇ ಅವಳ ಆಯಸ್ಸು ಕಳೆದಿತ್ತು. ಸಿಟ್ಟು ಆಮೇಲೆ ಬಂತು. ಬಂದದ್ದು ಜೋರಾಗಿಯೇ ಬಂತು.

"ಅಜ್ಜ, ದೋಣಿತಾಯಿಗೆ ಹೆಂಗಸಿನ ಕೂದಲೇ ಆಗಬೇಕಾ?"

ಬಡಗಿ ಕಿವಿ ಕೆರೆದುಕೊಂಡ. "ಕಾಯೋರ ಕೂದಲು ಆಗಬೇಕು ಅಂತ ನಮ್ಮಪ್ಪ ಹೇಳ್ತಿದ್ದ. ಗಂಡಸರು ಕಾದದ್ದನ್ನ ನಾನಂತೂ ಕಂಡಿಲ್ಲ."

"ಕತ್ತರಿ ಕೊಡಿ."

ಬಡಗಿ ಕೊಟ್ಟ. ಸದ್ಯ, ರಗಳೆ ಮುಗಿಯಿತು ಎಂದುಕೊಂಡು ಸೇತೊಕು ಗುಳಿಯೊಳಗೆ ಕೂದಲಿಗೆಂದು ಇಟ್ಟಿದ್ದ ಪುಟ್ಟ ಮರದ ಡಬ್ಬಿಯ ಮುಚ್ಚಳ ತೆಗೆಯಲು ಬಾಗಿದ. ಮಿತ್ಸುಯೊ ಎಡಗೈಯಲ್ಲಿ ಅವನ ಕಿವಿಯ ಹಿಂದಿನ ಬಿಳಿ ಕೂದಲನ್ನು ಗಟ್ಟಿಯಾಗಿ ಹಿಡಿದು, ಬಲಗೈಯಲ್ಲಿ ಕತ್ತರಿಸಿ, ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

"ಏಯ್! ಏನೇ ಇದು?" ಸೇತೊಕು ತಲೆ ಹಿಡಿದುಕೊಂಡು ಎದ್ದುನಿಂತ. "ಅರಗಾಕಿ, ತೆಗಿಯೋ ಅದನ್ನ!"

ಬಡಗಿ ಗಂಡನನ್ನು ನೋಡಿದ, ಹೆಂಡತಿಯನ್ನು ನೋಡಿದ, ಹಾಸಿಗೆಯ ಮೇಲಿದ್ದ ಚಡ್ಡಿಯನ್ನೂ ನೋಡಿದ.

"ಒಳಗೆ ಬಿದ್ದದ್ದನ್ನ ವಾಪಸ್ ತೆಗಿಯೋ ಪದ್ಧತಿ ಇಲ್ಲ, ಯಜಮಾನ್ರೇ" ಎಂದವನೇ ಕತ್ತು ಮೇಲೆತ್ತಿ, ಕ್ರೇನಿನವನಿಗೆ ಕೂಗಿದ: "ಇಳಿಸಪ್ಪಾ!"