ಹನ್ನೊಂದನೆಯ ವಾಕ್ಯ

ಆ ಊರಿನಲ್ಲಿ ಸತ್ತು ವರ್ಷ ತುಂಬಿದವರ ಬಗ್ಗೆ ಮನೆಯವರು ಊರಿನ ದಾಖಲೆಗೆ ಹತ್ತೇ ವಾಕ್ಯ ಬರೆದುಕೊಡಬೇಕು. ಬರೆದು ಹೊಡೆದುಹಾಕಿದ್ದು, ಹೊಡೆದವರೊಬ್ಬರನ್ನು ಬಿಟ್ಟು ಉಳಿದವರೆಲ್ಲರ ನೆನಪಿನಿಂದ ಅಳಿಸಿಹೋಗುತ್ತದೆ. ಗಂಡ ಚಿದಾನಂದನ ಬಗ್ಗೆ ಶಾಲ್ಮಲಾ ಹನ್ನೊಂದು ಬರೆದಿದ್ದಳು. ತಿದ್ದುವಾಗ ತನ್ನ ಪ್ರಸ್ತಾಪವಿದ್ದ ಆರೂ ವಾಕ್ಯಗಳನ್ನು ಉಳಿಸಿಕೊಂಡು, ‘ಅವ್ವನ ಕೈಯ ಕಡುಬೆಂದರೆ ಅವನಿಗೆ ಜೀವ’ ಎಂಬುದನ್ನು ಹೊಡೆದಳು. ಅದಿಲ್ಲದೆಯೂ ಬರಹ ಸ್ಪಷ್ಟವಾಗಿಯೇ ಇತ್ತು.

ಮರುದಿನ ಅತ್ತೆ ಒಲೆಯ ಮುಂದೆ ಬೆಪ್ಪಾಗಿ ನಿಂತಿದ್ದರು.

“ಶಾಲೂ, ಇಷ್ಟು ಕಡಬು ಯಾರಿಗಂತ ಮಾಡೀನಿ? ನನಗ ಸಕ್ಕರಿ ಬ್ಯಾನಿ, ನಿನಗ ಸಿಹಿ ಅಂದ್ರ ಆಗೂದಿಲ್ಲ. ಕೈ ತಾನ ಮಾಡೇತಿ ನೋಡವಾ!”

ಯಾರಿಗೆಂದು ಹೇಳಿದರೆ ಹೊಡೆದದ್ದನ್ನೂ ಹೇಳಬೇಕಾಗುತ್ತಿತ್ತು.

“ನನಗಂತನ ಮಾಡೀರಿ, ಅತ್ತಿ” ಎಂದು ಶಾಲ್ಮಲಾ ತಟ್ಟೆ ಎಳೆದುಕೊಂಡು ತಿನ್ನತೊಡಗಿದಳು.

“ಹೌದೇನ?” ಅತ್ತೆಯ ಮುಖ ಅರಳಿತು. “ಹಂಗಾರ ವಾರಕ್ಕೊಮ್ಮೆ ಮಾಡತೀನಿ ತಗೋ.”