ರೈಲು ಬಂದ ದಿನದ ಅಲಂಕಾರ

ಬಾಗಿಲಲ್ಲಿ ನಿಂತ ಬ್ರಿಟಾ ಶವಪೆಟ್ಟಿಗೆಯೊಳಗೆ ಮಲಗಿದ್ದ ಅಮ್ಮನನ್ನು ನೋಡಿ, "ಇದು ಯಾರು?" ಅಂದಳು.

ಮಾರ್ಲಿಸ್ ಬಾಚಣಿಗೆ ಕೆಳಗಿಟ್ಟಳು. ಅಮೆರಿಕದ ನೆಬ್ರಾಸ್ಕಾದ ಆ ಊರಿನಲ್ಲಿ ಬದುಕಿದ್ದಾಗ ಯಾರು ಕೂದಲು ಕತ್ತರಿಸುತ್ತಾರೋ ಸತ್ತ ಮೇಲೂ ಅವರೇ ಬಂದು ಬಾಚಬೇಕು. ಬ್ರಿಟಾಳ ಅಮ್ಮ ಡೊರೀನ್ ಮೂವತ್ತು ವರ್ಷ ಮಾರ್ಲಿಸಳ ಗಿರಾಕಿ. ಬೆಳಿಗ್ಗೆ ಏಳಕ್ಕೇ ಶವ ಸಿದ್ಧಪಡಿಸುವ ಅಂತ್ಯಕ್ರಿಯೆ ಮನೆಗೆ ಬಂದ ಮಾರ್ಲಿಸ್ ಎರಡು ಗಂಟೆ ಕೂತು, ಒಂದೊಂದೇ ಎಳೆ ಹಿಡಿದು ಸುರುಳಿ ಹಾಕಿ, ಅಲೆ ಅಲೆಯಾಗಿ ಹಣೆಯಿಂದ ಹಿಂದಕ್ಕೆ ಕೂರಿಸಿದ್ದಳು. ಇಂಥ ಕೆಲಸ ಮದುಮಗಳಿಗೂ ಮಾಡಿರಲಿಲ್ಲ.

"ನಿಮ್ಮಮ್ಮ ಕಣೇ, ಇನ್ಯಾರು?" ಅಂದಳು. "ಬಂದಾಗಲೆಲ್ಲ ಹತ್ತೇ ನಿಮಿಷ ಮಾರ್ಲಿಸ್, ಹತ್ತೇ ನಿಮಿಷ ಅನ್ನೋಳು. ಒಂದಿನ ಪುರುಸೊತ್ತು ಮಾಡ್ಕೊಂಡು ಬರ್ತೀನಿ, ಅವತ್ತು ರಾಣಿ ಥರ ಮಾಡು ಅಂತ ಮಾತು ಕೊಟ್ಟಿದ್ಳು. ಈಗ ಬಂದಿದಾಳೆ."

"ರಾಣಿ ಥರಾನೇ ಇದೆ. ಅದಕ್ಕೇ ನಮ್ಮಮ್ಮ ಅಲ್ಲ." ಬ್ರಿಟಾ ಪೆಟ್ಟಿಗೆಯ ಹತ್ತಿರ ಬಂದಳು. "ಇನ್ನು ನಲವತ್ತು ನಿಮಿಷಕ್ಕೆ ಜನ ಬರ್ತಾರೆ. ಆಮೇಲೆ ಮುಚ್ಚಳ ಹಾಕ್ತಾರೆ. ಕೊನೇ ಸಲ ನಾನು ನೋಡೋದು ಈ ಹೆಂಗಸಿನ ಮುಖಾನಾ?"

"ಒಂದು ಫೋಟೋ ಕೊಡು ಅಂತ ನಿನ್ನೆನೇ ಕೇಳಿದ್ನಲ್ಲ."

"ಎಲ್ಲಿಂದ ತರ್ಲಿ? ಮನೇಲಿರೋ ಫೋಟೋ ಎಲ್ಲಾ ತೆಗೆದಿರೋದು ಅವಳೇ, ಒಂದ್ರಲ್ಲೂ ಅವಳಿಲ್ಲ."

ಡೊರೀನ್ ಶಾಲೆಯಲ್ಲಿ ಮುನ್ನೂರು ಮಕ್ಕಳಿಗೆ ಅಡುಗೆ ಮಾಡುತ್ತಿದ್ದವಳು, ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಮನೆಯ ಕನ್ನಡಿಯ ಮುಂದೆ ನಿಂತದ್ದನ್ನು ಯಾರೂ ಕಂಡಿರಲಿಲ್ಲ. ಬುಡ ಜಿಡ್ಡಾದರೆ ಚಿಟಿಕೆ ಮೆಕ್ಕೆಜೋಳದ ಹಿಟ್ಟು ತಿಕ್ಕಿ ಕೊಡವು, ತುಟಿಗೆ ಹಚ್ಚಿದ ಬಣ್ಣವನ್ನೇ ಕೆನ್ನೆಗೂ ಎರಡು ಚುಕ್ಕೆ ಇಟ್ಟು ತೀಡು, ಕ್ಲಿಪ್ಪು ಸಿಗದಿದ್ದರೆ ಗಂಟಿಗೆ ಪೆನ್ಸಿಲ್ ಚುಚ್ಚು ಎಂದು ಹೇಳಿಕೊಟ್ಟವಳು ಮಾರ್ಲಿಸಳೇ. ಅಷ್ಟೂ ಕೆಲಸ ಶಾಲೆಗೆ ಹೋಗುವಾಗ ಕಾರಿನಲ್ಲೇ ನಡೆಯುತ್ತಿತ್ತು. ಧಾನ್ಯದ ಗೋದಾಮಿನ ಮುಂದೆ ಕಾರು ನಿಂತಾಗ ಕೂದಲು, ಚರ್ಚಿನ ತಿರುವಿನಲ್ಲಿ ನಿಂತಾಗ ತುಟಿ, ಕೆನ್ನೆ. ಕಣ್ಣಿಗೆ ಮಾತ್ರ ಹೊತ್ತು ಹಿಡಿಯುತ್ತದೆ. ರೈಲ್ವೆ ಗೇಟು ಬಿದ್ದು ಗೂಡ್ಸು ಬಂದ ದಿನವಷ್ಟೇ ರೆಪ್ಪೆಗೆ ಕಪ್ಪು ಮಸ್ಕಾರಾ. ಡೊರೀನಳ ಕಣ್ಣು ಕಪ್ಪಾಗಿದ್ದರೆ ಇವತ್ತು ರೈಲು ಬಂದಿದೆ ಎಂದು ಊರಿಗೆಲ್ಲ ತಿಳಿಯುತ್ತಿತ್ತು.

ಮಾರ್ಲಿಸಳಿಗೆ ನೋವಾಗದೆ ಇರಲಿಲ್ಲ. ಮೂವತ್ತು ವರ್ಷ ಕಾದಿದ್ದ ಎರಡು ಗಂಟೆ ಅದು. ಅಲೆಗಳನ್ನು ಇನ್ನೊಮ್ಮೆ ನೋಡಿದಳು, ಬ್ರಿಟಾಳ ಮುಖ ನೋಡಿದಳು.

"ಪೆನ್ಸಿಲ್ ಇದೆಯಾ?" ಅಂದಳು.

ಬ್ರಿಟಾ ಚೀಲದಿಂದ ಮೂರು ವಸ್ತು ತೆಗೆದು ಮೇಜಿನ ಮೇಲಿಟ್ಟಳು. ಅಮ್ಮನ ಕಾರಿನಲ್ಲಿ ಸಿಕ್ಕಿದವು: ತುದಿ ಕಚ್ಚಿದ ಹಳದಿ ಪೆನ್ಸಿಲ್, ಬಿಸಿಲಿಗೆ ಕರಗಿ ಮೋಟಾದ ತುಟಿಬಣ್ಣ, ಅರ್ಧ ಒಣಗಿದ ಮಸ್ಕಾರಾ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮಾರ್ಲಿಸ್ ಒರಟು ಬ್ರಷ್ಷಿನಿಂದ ನಾಲ್ಕು ಸಲ ಎಳೆದಳು, ಅಲೆಗಳು ಹೋದವು. ಕೂದಲನ್ನು ತಿರುಚಿ ಒಂದು ಮಗ್ಗುಲಿಗೆ ಗಂಟು ಹಾಕಿ, ಪೆನ್ಸಿಲಿನ ಕಚ್ಚಿದ ತುದಿ ಕಿವಿಯ ಮೇಲೆ ಕಾಣುವಂತೆ ಚುಚ್ಚಿದಳು. ಕಿವಿಯ ಹತ್ತಿರ ಒಂದು ಎಳೆ ಜಾರಿತು. ಅದನ್ನು ಸರಿಮಾಡಲು ಹೋದ ಕೈಯನ್ನು ಬ್ರಿಟಾ ತಡೆದಳು.

"ಅದು ಹಾಗೇ ಇರ್ಲಿ."

ಕೆನ್ನೆಗೆ ಎರಡು ಚುಕ್ಕೆ ಇಟ್ಟು ಹೆಬ್ಬೆರಳಿನಲ್ಲಿ ತೀಡಿದವಳು ಬ್ರಿಟಾ. ಕೆನ್ನೆಯ ತಣುಪು ತಾಗಿ ಒಂದು ಕ್ಷಣ ಕೈ ನಿಂತಿತು. ಮತ್ತೆ ತೀಡಿದಳು.

"ಕಣ್ಣು?" ಮಾರ್ಲಿಸ್ ಮಸ್ಕಾರಾದ ಮುಚ್ಚಳ ತಿರುಗಿಸುತ್ತ ಕೇಳಿದಳು.

"ಇವತ್ತು ರೈಲು ಬಂತಾ?"

"ನಾನು ಬರೋವಾಗ ಇರ್ಲಿಲ್ಲ."

"ಹಾಗಾದ್ರೆ ಬೇಡ."

ಎಲ್ಲ ಸೇರಿ ಒಂಬತ್ತು ನಿಮಿಷ ಹಿಡಿಯಿತು. ಜನ ಬಂದರು, ಸಾಲಾಗಿ ನಿಂತರು. ಪಕ್ಕದ ಮನೆಯ ಮುದುಕ ಟೋಪಿ ಎದೆಗೊತ್ತಿಕೊಂಡು ಬಗ್ಗಿ ನೋಡಿ, "ಇನ್ನೇನು ಎದ್ದು ಓಡೋ ಹಾಗಿದಾಳೆ" ಅಂದ. ಅದನ್ನು ಕೇಳಿ ಬ್ರಿಟಾ ಮೂರು ದಿನದಲ್ಲಿ ಮೊದಲ ಸಲ ನಕ್ಕಳು. ಪ್ರಾರ್ಥನೆ ಮುಗಿಯಿತು, ಮುಚ್ಚಳ ಹಾಕಿದರು.

ಸ್ಮಶಾನಕ್ಕೆ ಹೋಗುವ ದಾರಿಯಲ್ಲಿ ರೈಲ್ವೆ ಗೇಟು ಬಿತ್ತು. ಮುಂದೆ ಡೊರೀನಳ ಪೆಟ್ಟಿಗೆ ಹೊತ್ತ ಗಾಡಿ ನಿಂತಿತು, ಅದರ ಹಿಂದೆ ಅವಳದೇ ಹಳೆಯ ಕಾರಿನಲ್ಲಿ ಬ್ರಿಟಾ, ಪಕ್ಕದಲ್ಲಿ ಮಾರ್ಲಿಸ್. ಕಲ್ಲಿದ್ದಲು ತುಂಬಿದ ಗೂಡ್ಸು ನಿಧಾನವಾಗಿ ಬರತೊಡಗಿತು.

"ಈಗ ಬಂತು ನೋಡು," ಮಾರ್ಲಿಸ್ ಅಂದಳು. "ಅಲ್ಲೇ ಹಚ್ಚಿಬಿಡಬೇಕಿತ್ತು."

ಬ್ರಿಟಾ ತಲೆಯ ಮೇಲಿನ ಪುಟ್ಟ ಕನ್ನಡಿ ಕೆಳಗೆಳೆದು, ಚೀಲದಲ್ಲಿ ತಡಕಿ ಅಮ್ಮನ ಮಸ್ಕಾರಾ ತೆಗೆದು, ತನ್ನ ಊದಿದ ಕಣ್ಣಿನ ರೆಪ್ಪೆಗೆ ಹಚ್ಚತೊಡಗಿದಳು.

"ಅತ್ರೆ ಎಲ್ಲಾ ಇಳಿಯುತ್ತೆ ಕಣೇ."

"ಗೊತ್ತು. ರೈಲಿಗೆ ಡಬ್ಬಿ ಎಷ್ಟಿದೆ?"

ಮಾರ್ಲಿಸ್ ಕತ್ತು ಚಾಚಿ ನೋಡಿದಳು. ರೈಲಿನ ಕೊನೆ ಕಾಣಲಿಲ್ಲ.

"ನೂರಕ್ಕೆ ಕಡಿಮೆ ಇಲ್ಲ."

"ಹಾಗಾದ್ರೆ ಎರಡೂ ಕಣ್ಣು ಆಗುತ್ತೆ," ಅಂದಳು ಬ್ರಿಟಾ.